ಪಕ್ಕದ ಸೀಟಿನ ತೂಕ

ಮಾರ್ಚ್ 3, ಭಾನುವಾರ

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಶುರುಮಾಡಿದಾಗ ಕಾರಿಗೆ ಒಂದೇ ತೊಂದರೆ ಇತ್ತು. ಸಂಜೆ ನಾಲ್ಕಕ್ಕೆ ಕೈ ತೊಳೆಯುವ ಹೊತ್ತಿಗೆ ಅದು ಹೋಗಿ ಇನ್ನೊಂದು ಬಂದು ಕೂತಿತ್ತು, ಹೊಸದು ಹಳೆಯದರ ಅಪ್ಪ.

ಹಳೆಯ ತೊಂದರೆ ಇದು: ನನ್ನ ಪಕ್ಕದ ಸೀಟು ಹಿಂದಕ್ಕೆ ಸರಿಯುತ್ತಿರಲಿಲ್ಲ. ಕೂತರೆ ಮೊಣಕಾಲು ಮುಂದಕ್ಕೆ ತಾಗುತ್ತದೆ ಎಂದು ಹೆಂಡತಿ ಎರಡು ವರ್ಷದಿಂದ ಹೇಳುತ್ತಿದ್ದಳು. ನಾನು 'ಮಾಡೋಣ' ಅನ್ನುತ್ತಿದ್ದೆ. ಈಗ ಅವಳು ತನ್ನ ಅಕ್ಕನ ಊರಿಗೆ ಹೋಗಿ ಐದು ತಿಂಗಳಾಯಿತು. ಈ ತಿಂಗಳ ಇಪ್ಪತ್ತನಾಲ್ಕಕ್ಕೆ ನಾನೇ ಕಾರು ತೆಗೆದುಕೊಂಡು ಹೋಗಿ ಕರೆತರುವುದೆಂದು ಮಾತಾಗಿದೆ. ನಾಲ್ಕು ಗಂಟೆಯ ದಾರಿ. ಅಷ್ಟು ದೂರ ಕಾಲು ಮಡಚಿಕೊಂಡು ಬರಬೇಕೆ ಅನ್ನಿಸಿ ಇವತ್ತು ಸೀಟಿಗೆ ಕೈ ಹಾಕಿದೆ.

ನಾಲ್ಕು ಬೋಲ್ಟು, ಅಡಿಯಲ್ಲಿ ಒಂದು ಹಳದಿ ಪ್ಲಗ್ಗು. ಪ್ಲಗ್ಗು ಎಳೆದು ಸೀಟನ್ನು ಹೊರಗೆ ತಂದೆ. ಹಳಿಯ ಸಂದಿಯಲ್ಲಿ ಅವಳ ಒಂದು ಹೇರ್‌ಪಿನ್ನು, ಮೂರು ಗುಂಡಿ, ಗಟ್ಟಿಯಾಗಿ ಹೋದ ಚ್ಯೂಯಿಂಗ್ ಗಮ್ಮು ಸಿಕ್ಕವು. ತೆಗೆದು ಗ್ರೀಸ್ ಹಚ್ಚಿದೆ. ಸೀಟು ಕೈಗೆ ಬಂದದ್ದೇ ಬಂದದ್ದು ಎಂದು ಕವರನ್ನೂ ಬಿಚ್ಚಿ ಒಗೆದೆ. ಅದರ ಕೆಳಗೆ ತಂತಿ ಓಡಿಸಿದ ಒಂದು ತೆಳ್ಳನೆಯ ಹಾಳೆ ಇತ್ತು, ಅದನ್ನು ಇದ್ದಂತೆ ಹಾಸಿ ಮುಚ್ಚಿದೆ. ಈಗ ಸೀಟು ಬೆಣ್ಣೆಯಲ್ಲಿ ಕೂದಲೆಳೆದಂತೆ ಸರಿಯುತ್ತದೆ.

ತಪ್ಪಾದದ್ದು ನಡುವೆ. ಕಾರಿನೊಳಗೆ ಉಸಿರು ಕಟ್ಟುತ್ತಿತ್ತು. ಕಿಟಕಿ ಇಳಿಸೋಣವೆಂದು ಕೀಲಿ ತಿರುಗಿಸಿದೆ, ಸೀಟು ಹೊರಗಿದ್ದಾಗಲೇ, ಪ್ಲಗ್ಗು ನೇತಾಡುತ್ತಿದ್ದಾಗಲೇ. ಎದುರಿನ ಫಲಕದಲ್ಲಿ ಕೆಂಪು ದೀಪ ಬಂತು, ಕೂತಿರುವ ಒಬ್ಬ ಮನುಷ್ಯನ ಎದೆಯ ಮುಂದೆ ಒಂದು ದುಂಡನೆಯ ಚೆಂಡು. ಏರ್‌ಬ್ಯಾಗಿನದು. ಪ್ಲಗ್ಗು ಸಿಗಿಸಿದ ಮೇಲೂ ಹೋಗಿಲ್ಲ.

ನಾಳೆ ನೋಡಿದರಾಯಿತು. ಎರಡು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು ಇದ್ದವನು ಯಾರ ಮುಂದೆಯೂ ಹಲ್ಲು ಗಿಂಜಬೇಕಾಗಿಲ್ಲ.

ಮಾರ್ಚ್ 4, ಸೋಮವಾರ

ಬ್ಯಾಟರಿ ಬಿಚ್ಚಿ ಒಂದು ಗಂಟೆ ಬಿಟ್ಟು ಮತ್ತೆ ಹಾಕಿದೆ. ಗಡಿಯಾರ ಮಾತ್ರ ಸೊನ್ನೆಗೆ ಹೋಯಿತು, ದೀಪ ಅಲ್ಲೇ ಇದೆ. ಕಾರಿನ ಜೊತೆ ಬಂದಿದ್ದ ಪುಸ್ತಕ ತೆಗೆದು ಓದಿದೆ. ಈ ದೀಪ ಉರಿಯುತ್ತಿದ್ದರೆ ಅಪಘಾತವಾದಾಗ ಗಾಳಿಚೀಲ ಬಿಚ್ಚಿಕೊಳ್ಳದೆ ಹೋಗಬಹುದಂತೆ, ಕೂಡಲೇ ಅಧಿಕೃತ ಗ್ಯಾರೇಜಿಗೆ ಒಯ್ಯಬೇಕಂತೆ. ಪುಸ್ತಕ ಬರೆಯುವವರು ಎಲ್ಲದಕ್ಕೂ ಹಾಗೇ ಬರೆಯುತ್ತಾರೆ.

ನಾನು ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದು ಈಗ ಯೋಚಿಸಿದೆ. ಮುಂಚೆ ಸಂಜೆ ಚಹಾ ಕುಡಿಯುತ್ತ ಅವಳಿಗೆ ಹೇಳುತ್ತಿದ್ದೆ: ಯಾವ ಅಂಗಡಿಯ ತಕ್ಕಡಿ ಸರಿ ಇತ್ತು, ಯಾವನು ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದ್ದ. ಇಪ್ಪತ್ತೆರಡು ವರ್ಷದಿಂದ ಅದೇ ನನ್ನ ಕೆಲಸ, ಊರಿನ ತಕ್ಕಡಿಗಳನ್ನು ಪರೀಕ್ಷಿಸಿ ಮೊಹರು ಹಾಕುವುದು. ಅವಳು ಅರ್ಧ ಕೇಳುತ್ತಿದ್ದಳು, ಅರ್ಧ ಇಲ್ಲ. ಆ ಅರ್ಧವೂ ಈಗಿಲ್ಲ. ಗೋಡೆಗೆ ಹೇಳುವುದಕ್ಕಿಂತ ಹಾಳೆಗೆ ಹೇಳುವುದು ವಾಸಿ.

ಮಾರ್ಚ್ 6, ಬುಧವಾರ

ಬುಧವಾರ ಮತ್ತು ಭಾನುವಾರ ಸಂಜೆ ಏಳಕ್ಕೆ ಅವಳ ಫೋನು. ಸೀಟಿನ ಸುದ್ದಿ ಹೇಳಿದೆ, ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಮಾತಿನ ಭರದಲ್ಲಿ ದೀಪದ ಸುದ್ದಿಯೂ ಬಾಯಿಂದ ಜಾರಿತು.

ಅವಳು ಕೇಳಿದಳು, "ಇದೂ ನೀವೇ ಮಾಡಿದ್ರಾ?"

"ಇದೂ ಅಂದ್ರೆ?"

"ಏನಿಲ್ಲ ಬಿಡಿ."

ಅವಳು ಹೇಳದಿದ್ದರೂ ನನಗೆ ಗೊತ್ತು, ಗೀಸರಿನ ಮಾತು. ಅಕ್ಟೋಬರಿನಲ್ಲಿ ಬಚ್ಚಲುಮನೆಯ ಗೀಸರಿಗೆ ನಾನೇ ಹೊಸ ಕಾಯಿಲ್ ಹಾಕಿದೆ. ಮಾರನೆಯ ಬೆಳಿಗ್ಗೆ ಅವಳು ಕರೆಂಟು ಹೊಡೆದು ಬಿದ್ದಳು. ಒಂದು ಕೈ ನಲ್ಲಿಯ ಮೇಲಿತ್ತು, ಇನ್ನೊಂದು ಸ್ವಿಚ್ಚಿನ ಮೇಲೆ. ಮೊಣಕೈ ಬಿರುಕು ಬಿಟ್ಟಿತು, ಎರಡು ಬೆರಳು ತಿಂಗಳುಗಟ್ಟಲೆ ಜೋಮು ಹಿಡಿದಂತಿದ್ದವು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದರೆ ಇನ್ನೇನಾಗುತ್ತದೆ? ಜೊತೆಗೆ ಆ ಕಂಪನಿಯ ಮಾಲೂ ಕಳಪೆ. ಡಾಕ್ಟರಿಗೂ ಇದನ್ನೇ ಹೇಳಿದೆ, ಅವಳ ಅಕ್ಕನಿಗೂ ಇದನ್ನೇ ಹೇಳಿದೆ. ಕೈ ವಾಸಿಯಾಗುವವರೆಗೆ ಎಂದು ಅಕ್ಕ ಕರೆದುಕೊಂಡು ಹೋದಳು. ಕೈ ವಾಸಿಯಾಯಿತು. ಆ ಬಚ್ಚಲುಮನೆ ನೆನೆಸಿಕೊಂಡರೆ ಭಯ ಎಂದು ಇವಳು ಅಲ್ಲೇ ಉಳಿದಳು. ಈಗ ಹೇಗೋ ಮನಸ್ಸು ಮಾಡಿದ್ದಾಳೆ.

ಫೋನ್ ಇಡುವ ಮುಂಚೆ ಹೇಳಿದಳು, "ನೋಡಿ, ಆ ಲೈಟ್ ಹೋದ್ರೆ ಮಾತ್ರ ಬನ್ನಿ. ಗೊತ್ತಿರೋರ ಹತ್ರ ಮಾಡಿಸಿ, ನೀವು ಕೈ ಹಾಕ್ಬೇಡಿ. ಇಲ್ಲಾಂದ್ರೆ ಬರೋದಾ ಬೇಡ್ವಾ ಅಂತ ನಾನು ಮತ್ತೆ ಯೋಚ್ನೆ ಮಾಡ್ಬೇಕಾಗುತ್ತೆ."

ಜಗಳದ ಧ್ವನಿಯಾಗಿರಲಿಲ್ಲ. ಜಗಳವಾಗಿದ್ದರೆ ಸಮಾಧಾನವಿರುತ್ತಿತ್ತು.

ಮಾರ್ಚ್ 9, ಶನಿವಾರ

ಮಹಡಿಯ ಮೇಲಿನ ಮನೆಯಾತ ನಿವೃತ್ತ ಬಸ್ ಕಂಡಕ್ಟರು. ಮಾತಿಗೆ ಮುಂಚೆ 'ಹೋಲ್ಡಾನ್' ಅನ್ನುವುದರಿಂದ ಬೀದಿಗೆಲ್ಲ ಅವನು ಹೋಲ್ಡಾನ್. ಬಾನೆಟ್ ಎತ್ತಿ ನಿಂತಿದ್ದ ನನ್ನನ್ನು ಕಂಡು ಮೆಟ್ಟಿಲಿಂದಲೇ ಕೂಗಿದ, "ಹೋಲ್ಡಾನ್ ಸಾರ್. ಹಿಂಗೆ ಮುಖ ನೋಡ್ತಾ ನಿಂತ್ರೆ ಅದು ಹೆದ್ರಲ್ಲ. ರೈಲ್ವೆ ಗೇಟ್ ಪಕ್ಕ ಒಬ್ರು ಮೇಡಂ ಇದಾರೆ, ಸ್ಕ್ಯಾನರ್ ಇಟ್ಕೊಂಡಿದಾರೆ."

ಹೋದೆ. ಒಂದೇ ಕೋಣೆಯ ಅಂಗಡಿ, ಗೋಡೆ ತುಂಬ ತಂತಿಯ ಸುರುಳಿ. ನನ್ನ ವಯಸ್ಸಿನವರೇ ಇರಬೇಕು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದರು. ಕಾರಿಗೆ ಯಂತ್ರ ಸಿಗಿಸಿ ನೋಡಿದರು.

"ಎರಡು ಕಂಪ್ಲೇಂಟ್ ಇದೆ. ಒಂದು ಪ್ಲಗ್ ಕಿತ್ತು ಕೀ ಹಾಕಿದ್ದಕ್ಕೆ. ಅದನ್ನ ಅಳಿಸ್ದೆ, ಹೋಯ್ತು. ಇನ್ನೊಂದು ಸೀಟಿಂದು. ಕವರ್ ಕೆಳಗೆ ಒಂದು ಹಾಳೆ ಇತ್ತಲ್ಲ, ಅದು ತೂಕ ನೋಡುತ್ತೆ. ದೊಡ್ಡೋರು ಕೂತಿದಾರಾ, ಮಗುನಾ, ಯಾರೂ ಇಲ್ವಾ ಅಂತ. ಅದನ್ನ ನೋಡ್ಕೊಂಡೇ ಏರ್‌ಬ್ಯಾಗ್ ಬಿಡ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು. ನೀವು ತೆಗೆದು ಹಾಸಿದೀರಲ್ಲ, ಈಗ ಅದರ ಸೊನ್ನೆ ತಪ್ಪಿದೆ."

"ಅಂದ್ರೆ ಖಾಲಿ ಸೀಟನ್ನ ಖಾಲಿ ಅಂತ ಅದಕ್ಕೆ ತಿಳೀತಿಲ್ಲ."

"ಹೂಂ. ಸೊನ್ನೆ ಕೂರಿಸೋ ಪ್ರೋಗ್ರಾಂ ಗುರುವಾರಕ್ಕೆ ತರಿಸಿಡ್ತೀನಿ. ಅಲ್ಲೀವರೆಗೂ ಆ ಸೀಟಿನ ಮೇಲೆ ಏನೂ ಇಡ್ಬೇಡಿ ಸಾರ್. ಒಂದು ಬ್ಯಾಗೂ ಬೇಡ."

ಆಗಲಿ ಎಂದು ಬಂದೆ. ತಕ್ಕಡಿಗೆ ಸೊನ್ನೆ ಕೂರಿಸುವುದನ್ನು ನನಗೆ ಹೇಳಿಕೊಡುವವರು ಹುಟ್ಟಿಬಿಟ್ಟರಲ್ಲ ಎಂದು ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಮಾರ್ಚ್ 10, ಭಾನುವಾರ

ಗುರುವಾರದವರೆಗೆ ಯಾಕೆ ಕಾಯಬೇಕು? ಸೊನ್ನೆ ತಪ್ಪಿದ ತಕ್ಕಡಿಗೆ ಗೊತ್ತಿರುವ ತೂಕವನ್ನು ಹೇರಿ ಇಳಿಸಿದರೆ ಎಷ್ಟೋ ಸಲ ತಾನಾಗಿ ದಾರಿಗೆ ಬರುತ್ತದೆ. ಇಲಾಖೆಯ ತೂಕದ ಕಲ್ಲುಗಳು ಹೇಗೂ ಡಿಕ್ಕಿಯಲ್ಲೇ ಇರುತ್ತವೆ, ತಪಾಸಣೆಗೆ ಅವಿಲ್ಲದೆ ಹೋಗುವಂತಿಲ್ಲ. ಎರಕದ ಕಬ್ಬಿಣ, ಇಟ್ಟಿಗೆಯಂತೆ ಚೌಕ. ಸೀಟಿನ ಮೇಲೆ ಎಷ್ಟು ಹೇರಬೇಕು ಎಂಬ ಪ್ರಶ್ನೆ ಬಂದಾಗ ಕೈ ನಿಂತಿತು. ಅಲ್ಲಿ ಕೂರುವವಳು ಅವಳು, ಅವಳಷ್ಟು ಇಡಬೇಕು. ಅವಳ ತೂಕ ಎಷ್ಟು?

ಗೊತ್ತಿಲ್ಲ. ಈ ಊರಿನ ಉಪ್ಪು, ಸಕ್ಕರೆ, ಮೊಳೆ, ಬಂಗಾರ ಎಲ್ಲದರ ತೂಕ ನೋಡಿದ್ದೇನೆ. ಹೆಂಡತಿಯದು ಕೇಳಿಯೇ ಇಲ್ಲ. ಐವತ್ತನಾಲ್ಕು ಇರಬಹುದೆಂದು ಅಂದಾಜು ಮಾಡಿದೆ. ಇಪ್ಪತ್ತರದು ಎರಡು, ಹತ್ತರದು ಒಂದು, ಎರಡರದು ಎರಡು.

ಪಕ್ಕವಾಗಿ ಮಲಗಿಸಿ ಇಟ್ಟೆ. 'ಪಕ್ಕದ ಗಾಳಿಚೀಲ ಬಂದ್' ಎಂದು ತೋರಿಸುವ ಸಣ್ಣ ಹಳದಿ ದೀಪ ಆರಿತು. ಯಾರೋ ಕೂತಿದ್ದಾರೆ ಎಂದು ಕಾರು ಒಪ್ಪಿಕೊಂಡಿತು. ಕೆಂಪು ದೀಪ ಮಾತ್ರ ಹೋಗಲಿಲ್ಲ. ಸ್ವಲ್ಪ ಓಡಿಸಿದರೆ ಹೋಗಬಹುದೆಂದು ಹೊರಟರೆ ಟಿಂವ್ ಟಿಂವ್ ಎಂದು ಕೂಗು, ಬೆಲ್ಟ್ ಹಾಕಿಲ್ಲವೆಂದು. ಕಬ್ಬಿಣಕ್ಕೆ ಬೆಲ್ಟ್ ಹಾಕಿದೆ.

ಗೇಟಿನಲ್ಲಿ ಹೋಲ್ಡಾನ್ ನಿಂತಿದ್ದ. ಕಿಟಕಿಯೊಳಗೆ ಬಗ್ಗಿ ನೋಡಿ ಗಂಭೀರವಾಗಿ ಕೇಳಿದ, "ಸಾರ್, ಈ ಪ್ಯಾಸೆಂಜರ್ ಟಿಕೆಟ್ ತಗೊಂಡಾಯ್ತಾ?"

ಊರು ಸುತ್ತಿ ಬಂದೆ. ನೀರಿನ ಟ್ಯಾಂಕಿನ ಹತ್ತಿರದ ತಿರುವಿನಲ್ಲಿ ಎಡಗಡೆ ಕಾಣುವುದಿಲ್ಲ. ಅಲ್ಲಿ ಯಾವಾಗಲೂ ಅವಳೇ ಬಗ್ಗಿ ನೋಡಿ 'ಹೂಂ, ಹೋಗಿ' ಅನ್ನುವುದು. ಇವತ್ತು ನಾನು "ಬರ್ತಿದೆಯಾ ನೋಡು" ಅಂದುಬಿಟ್ಟೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುವವರೆಗೆ ಅಲ್ಲೇ ನಿಂತಿದ್ದೆ.

ಸಂಜೆ ಅವಳ ಫೋನು ಬಂತು. ಗ್ಯಾರೇಜಿಗೆ ತೋರಿಸಿದೆ, ಗುರುವಾರ ಸರಿಯಾಗುತ್ತದೆ ಅಂದೆ. ಒಳ್ಳೆಯದಾಯಿತು ಅಂದಳು. ತೂಕ ಎಷ್ಟು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಮಾರ್ಚ್ 12, ಮಂಗಳವಾರ

ಕಲ್ಲುಗಳನ್ನು ಇನ್ನೂ ಇಳಿಸಿಲ್ಲ. ಬೆನ್ನು ನೋವು. ಆಫೀಸಿಗೂ ಹಾಗೇ ಹೋಗಿಬಂದೆ. ರಸ್ತೆ ಹದಗೆಟ್ಟಿದೆ, ಗುಂಡಿಗೆ ಇಳಿದಾಗಲೆಲ್ಲ ಒಂದಕ್ಕೊಂದು ತಾಗಿ ಠಣ್ ಅನ್ನುತ್ತವೆ. ಸದ್ದಿಲ್ಲದೆ ಹೋಗುವುದಕ್ಕಿಂತ ಅದೇ ಒಂದು ರೀತಿ ಚೆನ್ನಾಗಿದೆ.

ಮಾರ್ಚ್ 14, ಗುರುವಾರ

ಬೆಳಿಗ್ಗೆ ಕಲ್ಲುಗಳನ್ನು ಡಿಕ್ಕಿಗೆ ಹಾಕಿ, ಸೀಟು ಒರೆಸಿ, ಒಳ್ಳೆಯ ವಿದ್ಯಾರ್ಥಿಯಂತೆ ಅಂಗಡಿಗೆ ಹೋದೆ. ಸ್ಕ್ಯಾನರ್ ಮೇಡಂ ಯಂತ್ರ ಸಿಗಿಸಿದರು, ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಏನಾದ್ರೂ ಇಟ್ಟಿದ್ರಾ ಸಾರ್ ಸೀಟಿನ ಮೇಲೆ?"

"ಏನೂ ಇಲ್ಲ."

"ಒಂದು ಚೀಲ, ಗ್ಯಾಸ್ ಸಿಲಿಂಡರ್, ಏನಾದ್ರೂ?"

"ಇಲ್ಲ ಅಂದ್ನಲ್ಲ."

ಅವರು ಕವರಿನ ಮೇಲೆ ಅಂಗೈ ಆಡಿಸಿದರು. ನನ್ನನ್ನು ಹತ್ತಿರ ಕರೆದು ಟಾರ್ಚ್ ಹಿಡಿದರು. ಬಟ್ಟೆಯಲ್ಲಿ ಇಪ್ಪತ್ತು ಎಂಬ ಅಂಕಿ ಉಲ್ಟಾ ಅಚ್ಚಾಗಿತ್ತು, ಅದರ ಪಕ್ಕ ನಮ್ಮ ಇಲಾಖೆಯ ಮುದ್ರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟೂ ವ್ಯವಧಾನ ಸಿಗಲಿಲ್ಲ. ಮೊಹರು ಹಾಕುವವನ ಮೇಲೆ ಅವನದೇ ಮೊಹರು ಸಾಕ್ಷಿ ಹೇಳಿತು.

ಬೈಯುತ್ತಾರೆ ಎಂದುಕೊಂಡೆ. ಅವರು ಸ್ಟೂಲ್ ಎಳೆದು ಕೊಟ್ಟರು.

"ನಾನು ಬೈಯಲ್ಲ ಸಾರ್. ಇಲ್ಲಿಗೆ ಬರೋರೆಲ್ಲ ಏನೋ ಒಂದು ಮಾಡ್ಕೊಂಡೇ ಬರೋದು. ಏನು ಮಾಡಿದ್ರಿ ಅಂತ ಇದ್ದದ್ದು ಇದ್ದಹಾಗೆ ಹೇಳಿದ್ರೆ ಅರ್ಧ ಗಂಟೆ ಕೆಲಸ. ಹೇಳ್ದಿದ್ರೆ ನಾನು ಎರಡು ದಿನ ಎಲ್ಲೆಲ್ಲೋ ಹುಡುಕ್ತಾ ಕೂರ್ತೀನಿ, ಅಷ್ಟೇ."

ಎಲ್ಲ ಹೇಳಿದೆ. ಐವತ್ತನಾಲ್ಕು ಕಿಲೋ, ನಾಲ್ಕು ದಿನ, ಬೆಲ್ಟ್ ಹಾಕಿದ್ದು ಕೂಡ. ಬೆಲ್ಟಿನ ಮಾತಿಗೆ ಅವರು ನಗಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಹಾಳೆಯೊಳಗಿನ ತಂತಿ ಕಬ್ಬಿಣದ ಅಂಚಿಗೆ ಸಿಕ್ಕು ತುಂಡಾಗಿದೆಯಂತೆ, ಹೊಸ ಹಾಳೆ ಹೊರಗಿನಿಂದ ಬರಬೇಕು, ನಾಲ್ಕು ವಾರ.

"ಅಲ್ಲೀವರೆಗೂ ಆ ಸೀಟಲ್ಲಿ ಯಾರನ್ನೂ ಕೂರಿಸ್ಬೇಡಿ. ಹಿಂದಿನ ಸೀಟಲ್ಲಿ ಕೂತ್ಕೊಳ್ಳಲಿ."

ಇಪ್ಪತ್ತನಾಲ್ಕಕ್ಕೆ ಹತ್ತು ದಿನ ಇದೆ. ದೀಪ ಹೋಗುವುದಿಲ್ಲ. ಇದನ್ನು ಅವಳಿಗೆ ಹೇಳುವುದು ಹೇಗೆಂದು ತಲೆ ಕೆಡುತ್ತಿದೆ. ಆದರೂ ಅಂಗಡಿಯಿಂದ ಬಂದ ಮೇಲೆ ಯಾಕೋ ಹೊಟ್ಟೆ ಹಸಿಯಿತು, ತುಂಬ ದಿನದ ಮೇಲೆ ಎರಡು ಸಲ ಅನ್ನ ಬಡಿಸಿಕೊಂಡೆ. ಬಿಸಿಲಿಗೆ ಸುತ್ತಾಡಿದ್ದಕ್ಕೆ ಇರಬೇಕು.

ಮಾರ್ಚ್ 17, ಭಾನುವಾರ

ಅವಳು: "ಹೋಯ್ತಾ?"

ನಾನು: "ಇನ್ನೇನು ಹೋಗುತ್ತೆ."

ಅವಳು ಬಟ್ಟೆ ಜೋಡಿಸಲು ಶುರುಮಾಡಿದ್ದಾಳಂತೆ. ಮನೆಯಲ್ಲಿ ಜೇಡರ ಬಲೆ ಎಷ್ಟಿದೆ ಎಂದು ಕೇಳಿದಳು, ಲೆಕ್ಕ ಇಟ್ಟಿಲ್ಲ ಅಂದೆ. ಸ್ವಲ್ಪ ನಕ್ಕಳು. ಆ ನಗುವನ್ನು ಕೆಡಿಸಲು ಬಾಯಿ ಬರಲಿಲ್ಲ. ನಿಜ ಹೇಳಿದರೆ ಬರುವುದಿಲ್ಲ ಅನ್ನುತ್ತಾಳೆ, ಆಗ ಈ ಮನೆಯಲ್ಲಿ ನಾನೊಬ್ಬನೇ. ನನಗೆ ಅದು ಸಾಕಾಗಿದೆ, ಬರೆದುಕೊಳ್ಳಲು ನಾಚಿಕೆಯೇನು.

ಗೀಸರ್ ಬಂದ್ ಇದೆ, ಅಕ್ಟೋಬರಿನಿಂದ ಒಲೆಯ ಮೇಲೆ ನೀರು ಕಾಯಿಸಿಕೊಳ್ಳುತ್ತಿದ್ದೇನೆ. ಇವತ್ತು ಸ್ನಾನ ಮಾಡುವಾಗ ಅದನ್ನೇ ನೋಡುತ್ತಿದ್ದೆ. ಅವತ್ತು ಅರ್ತ್ ವೈರು ಸ್ವಲ್ಪ ಸಡಿಲ ಇತ್ತೇನೋ. ಹೊಸ ಕಾಯಿಲ್ ಕೂರಿಸುವಾಗ ಒಮ್ಮೊಮ್ಮೆ ಸಡಿಲವಾಗುವುದುಂಟು.

ಮಾರ್ಚ್ 19, ಮಂಗಳವಾರ

ಮೂರು ಅಂಗಡಿ ತಪಾಸಣೆ, ಎಲ್ಲ ಸರಿ. ಇಡೀ ದಿನ ಆಡಿದ್ದು ಹತ್ತು ಹನ್ನೆರಡು ಮಾತು ಇರಬಹುದು, ಅದರಲ್ಲಿ ಅರ್ಧ 'ತಟ್ಟೆ ಎತ್ತಿ'.

ಮಾರ್ಚ್ 22, ಶುಕ್ರವಾರ

ದೀಪದ ಮೇಲೆ ಕಪ್ಪು ಟೇಪು ಅಂಟಿಸಿದೆ.

ಬೆರಳುಗುರಿನಷ್ಟು ಕತ್ತರಿಸಿ, ಫಲಕದ ಗಾಜಿನ ಮೇಲೆ ಗುಳ್ಳೆ ಬಾರದಂತೆ ಒತ್ತಿದೆ. ಗಾಜು ಕಪ್ಪು, ಟೇಪೂ ಕಪ್ಪು, ಗೊತ್ತೇ ಆಗುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಎಂದು ನನಗೂ ಗೊತ್ತು. ಆದರೆ ನಾಲ್ಕೇ ಗಂಟೆಯ ದಾರಿ, ಮೆಲ್ಲಗೆ ಓಡಿಸುತ್ತೇನೆ. ಇಪ್ಪತ್ತು ವರ್ಷದಿಂದ ಒಂದು ಗೀರೂ ಮಾಡಿಲ್ಲ. ಹಾಳೆ ಬಂದ ಮೇಲೆ ಸದ್ದಿಲ್ಲದೆ ಹಾಕಿಸಿದರೆ ಮುಗಿಯಿತು. ಅವಳು ಬಂದು ಮನೆ ಸೇರುವುದು ಮುಖ್ಯ.

ಅಂಗಡಿಯವನು ಹೀಗೆ ಮಾಡಿದ್ದರೆ ತಕ್ಕಡಿ ಜಪ್ತಿ ಮಾಡುತ್ತಿದ್ದೆ. ಇರಲಿ.

ಮಾರ್ಚ್ 23, ಶನಿವಾರ

ಫೋನಿನ ದಿನವಲ್ಲದಿದ್ದರೂ ಇವತ್ತು ಫೋನ್ ಮಾಡಿದಳು.

"ನಾಳೆ ಎಷ್ಟೊತ್ತಿಗೆ ಬರ್ತೀರಾ? ಲೈಟ್ ಹೋಯ್ತಲ್ಲ?"

"ಈಗ ಕಾಣಿಸ್ತಿಲ್ಲ."

"ಅಬ್ಬ. ಅಕ್ಕ ಬೆಳಿಗ್ಗೆಯಿಂದ ಅದನ್ನೇ ಕೇಳ್ತಿದ್ಲು. ನಾನು ಹೇಳ್ದೆ, ಈ ಸಲ ನನ್ನ ಮಾತು ಕೇಳಿದಾರೆ, ಬೇರೆಯವರ ಹತ್ರಾನೇ ಮಾಡಿಸಿದಾರೆ ಅಂತ."

ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆ ಇತ್ತು, ನನ್ನ ಬಗ್ಗೆ. ಅದನ್ನು ಕೇಳಿ ಎಷ್ಟು ಕಾಲವಾಗಿತ್ತು. ಫೋನ್ ಇಟ್ಟು ಊಟ ಮಾಡಲು ಕೂತೆ, ಸೇರಲಿಲ್ಲ.

ಅರ್ತ್ ವೈರು ಸಡಿಲವಾಗಿರಲಿಲ್ಲ. ನಾನು ಸಿಗಿಸಿಯೇ ಇರಲಿಲ್ಲ. ಅದರ ಸ್ಕ್ರೂ ಎಲ್ಲೋ ಉರುಳಿಹೋಗಿತ್ತು, ಹುಡುಕಿದೆ, ಸಿಗಲಿಲ್ಲ. ನಾಳೆ ಹೊಸದು ತಂದರಾಯಿತೆಂದು ತಂತಿಯ ತುದಿಯನ್ನು ಒಳಗೆ ಮಡಚಿ ಮುಚ್ಚಳ ಹಾಕಿದೆ. ಅವಳಿಗೆ ಹೇಳಲಿಲ್ಲ, ಹೇಳಿದರೆ 'ಅರ್ಧಂಬರ್ಧ ಕೆಲಸ' ಅನ್ನುತ್ತಾಳೆ ಎಂದು. ಕರೆಂಟು ಬಂದದ್ದು ಸ್ವಿಚ್ಚಿನಿಂದಲ್ಲ, ನಲ್ಲಿಯಿಂದ. ಅವಳು ಆಸ್ಪತ್ರೆಯಲ್ಲಿದ್ದ ದಿನವೇ ಮನೆಗೆ ಬಂದು, ಸ್ಕ್ರೂ ತಂದು, ತಂತಿ ಸಿಗಿಸಿ, ಮುಚ್ಚಳ ಹಾಕಿ, ಮತ್ತೆ ಆಸ್ಪತ್ರೆಗೆ ಹೋಗಿ ಒದ್ದೆ ಕೈ ಅಂದೆ.

ಇದು ಮೊದಲೇ ನನಗೆ ಗೊತ್ತಿದ್ದ ವಿಷಯ. ಬರೆದದ್ದು ಮಾತ್ರ ಇವತ್ತು.

ಮಾರ್ಚ್ 25, ಸೋಮವಾರ

ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಬರೆಯಲು ಆಗಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ತಲುಪಿದೆ. ಅವಳ ಅಕ್ಕ ಬಾಗಿಲಲ್ಲಿ ನಿಂತು ಚಹಾ ಕೊಟ್ಟಳು, ಕಾರನ್ನು ಒಮ್ಮೆ ಸುತ್ತಿ ನೋಡಿದಳು. ಇವಳು ಒಂದು ದೊಡ್ಡ ಬ್ಯಾಗು, ಒಂದು ಸಣ್ಣ ಬ್ಯಾಗು ಹಿಡಿದು ಬಂದಳು. ಸ್ವಲ್ಪ ತೆಳ್ಳಗಾಗಿದ್ದಾಳೆ. ಮುಂದಿನ ಬಾಗಿಲು ತೆಗೆದು ಕೂತು, ಕೆಳಗಿನ ಸಣ್ಣ ಹಿಡಿ ಎತ್ತಿ, ಸೀಟನ್ನು ಹಿಂದಕ್ಕೆ ತಳ್ಳಿದಳು. ಅದು ಸರ್ರನೆ ಹೋಯಿತು. ಎರಡೂ ಕಾಲು ಚಾಚಿದಳು.

"ಈಗ ಆರಾಮಾಯ್ತು ನೋಡಿ," ಅಂದಳು. ಬೆಲ್ಟ್ ಎಳೆದು ಹಾಕಿಕೊಂಡಳು.

ನಾನು ಕೀಲಿ ಹಾಕಿದವನು ತಿರುಗಿಸಲಿಲ್ಲ. ಏನೂ ಯೋಚಿಸಿರಲಿಲ್ಲ. ಆ ಬೆಲ್ಟಿನ ಕೊಂಡಿ ಕಚ್ಚಿದ ಸದ್ದು ಕೇಳಿತು, ಅಷ್ಟೇ ಹೇಳಬಲ್ಲೆ.

"ನೀನು ಇಳಿ," ಅಂದೆ.

"ಯಾಕೆ?"

ಉಗುರಿನಿಂದ ಟೇಪು ಕಿತ್ತು ಕೀಲಿ ತಿರುಗಿಸಿದೆ. ಕೆಂಪು ದೀಪ ಬಂತು. "ಹೋಗಿಲ್ಲ. ನಾನೇ ಮುಚ್ಚಿದ್ದೆ. ಹೊಸ ಪಾರ್ಟ್ ಬರೋಕೆ ಇನ್ನೂ ಮೂರು ವಾರ ಬೇಕು. ಈ ಸೀಟಲ್ಲಿ ಕೂರಬಾರ್ದಂತೆ." ಅವಳ ತೂಕವೆಂದು ಐವತ್ತನಾಲ್ಕು ಕಿಲೋ ಕಲ್ಲು ಹೇರಿದ್ದನ್ನೂ ಹೇಳಿದೆ, ಅವು ನಾಲ್ಕು ದಿನ ಅಲ್ಲೇ ಇದ್ದದ್ದನ್ನೂ ಹೇಳಿದೆ.

ಅವಳು ಬೆಲ್ಟ್ ಬಿಚ್ಚಿದಳು, ಇಳಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. "ಐವತ್ನಾಲ್ಕು ಅಂತ ಯಾರು ಹೇಳಿದ್ರು ನಿಮಗೆ?" ಅಂದಳು. ಸಿಟ್ಟಿತ್ತು, ಜೊತೆಗೆ ತುಟಿಯ ಕೊನೆಯಲ್ಲಿ ನಗುವಿನಂಥದ್ದೂ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಹಿಂದಿನ ಸೀಟಿನಲ್ಲಿ ಕೂತು ಬೈದುಕೊಂಡಾದರೂ ಬರುತ್ತಿದ್ದಳು.

"ಗೀಸರ್‌ದೂ ನಾನೇ," ಅಂದೆ. "ಅರ್ತ್ ವೈರ್ ಸಿಗಿಸಿರ್ಲಿಲ್ಲ. ಗೊತ್ತಿದ್ದೇ ಮುಚ್ಚಳ ಹಾಕಿದ್ದೆ. ನಿನ್ನ ಕೈದೇನೂ ತಪ್ಪಿಲ್ಲ. ನನ್ನಿಂದ ತಪ್ಪಾಯ್ತು."

ಅವಳು ತನ್ನ ಬಲಗೈಯನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ರಸ್ತೆಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ಒದ್ದೆ ಕೈ ಅಂದ್ರಿ," ಅಂದಳು. "ಡಾಕ್ಟರ್ ಮುಂದೆ ಅಂದ್ರಿ. ಅಕ್ಕನ ಮುಂದೆ ಅಂದ್ರಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಐದು ತಿಂಗಳಿಂದ ಸ್ವಿಚ್ ಹಾಕೋಕೆ ಮುಂಚೆ ಮೂರು ಸಲ ಕೈ ಒರೆಸ್ಕೊಳ್ತಿದೀನಿ. ಅಕ್ಕನ ಮೊಮ್ಮಗಳು ಅದನ್ನ ನೋಡಿ ಆಟ ಅಂದ್ಕೊಂಡು ತಾನೂ ಒರೆಸ್ಕೊಳ್ತಾಳೆ."

ಇಳಿದಳು. ಎರಡೂ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು, ಬಾಗಿಲು ಹಾಕಿಕೊಂಡಿತು.

ನಾನು ಕೂತೇ ಇದ್ದೆ. ಹೋಗೆಂದು ಯಾರೂ ಹೇಳಿರಲಿಲ್ಲ, ಇರೆಂದೂ ಹೇಳಿರಲಿಲ್ಲ. ಒಳಗೆ ಅವಳ ಅಕ್ಕನ ದನಿ ಎರಡು ಸಲ ಏರಿತು, ಇವಳದು ಕೇಳಲಿಲ್ಲ. ಮುಕ್ಕಾಲು ಗಂಟೆಯಾಗಿರಬೇಕು. ಅತ್ತರೆ ಚೆನ್ನಾಗಿತ್ತು ಅನ್ನಿಸಿತು, ಬರಲಿಲ್ಲ. ಕೊನೆಗೆ ಕಾರು ತಿರುಗಿಸಿಕೊಳ್ಳೋಣವೆಂದು ಕನ್ನಡಿ ನೋಡಿದರೆ, ಅವಳು ಬ್ಯಾಗುಗಳ ಸಮೇತ ಗೇಟು ದಾಟಿ ಬರುತ್ತಿದ್ದಳು. ಕಾರಿನ ಹತ್ತಿರ ನಿಲ್ಲಲಿಲ್ಲ. ಪಕ್ಕದಲ್ಲೇ ಹಾದು ಮುಂದೆ ನಡೆದಳು. ನಾನು ಇಳಿದು ಹಿಂದೆ ಓಡಿದೆ.

"ಎಲ್ಲಿಗೆ?"

"ಬಸ್ ಸ್ಟ್ಯಾಂಡಿಗೆ. ಒಂದೂವರೆಗೆ ಬಸ್ ಇದೆ."

"ಬಸ್ಸಲ್ಲಿ ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ನನ್ನ ಮನೆಗೆ." ನಿಂತು ನನ್ನ ಕಡೆ ತಿರುಗಿದಳು. "ನಿಮ್ಮ ಕಾರಲ್ಲಿ ಬರಲ್ಲ. ಹಿಂದಿನ ಸೀಟಲ್ಲೂ ಬರಲ್ಲ. ಇನ್ನೂ ಏನೇನು ಬಿಚ್ಚಿದೀರೋ ಯಾರಿಗ್ಗೊತ್ತು."

ದೊಡ್ಡ ಬ್ಯಾಗನ್ನಾದರೂ ಕೊಡು ಅಂದೆ. ಸ್ವಲ್ಪ ಯೋಚಿಸಿ ಕೊಟ್ಟಳು, ಸಣ್ಣದನ್ನು ಕೊಡಲಿಲ್ಲ.

ನಾಲ್ಕು ಗಂಟೆಯ ದಾರಿ ಐದೂಕಾಲು ಗಂಟೆಯಾಯಿತು. ಬಸ್ಸು ನಿಂತಲ್ಲೆಲ್ಲ ನಿಂತೆ, ಹೊರಟಾಗ ಹೊರಟೆ. ಅವಳು ಕೊನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು, ಹಿಂದಿನ ಗಾಜಿನಲ್ಲಿ ತಲೆಯ ಹಿಂಭಾಗ ಕಾಣುತ್ತಿತ್ತು. ನಿದ್ದೆ ಬಂದಾಗ ಅದು ಎಡಕ್ಕೆ ವಾಲುತ್ತಿತ್ತು, ಬಸ್ಸು ಕುಲುಕಿದಾಗ ನೆಟ್ಟಗಾಗುತ್ತಿತ್ತು. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ರಸ್ತೆ ಖಾಲಿ ಇದ್ದ ಕಡೆಯೂ ನಾನು ಓವರ್‌ಟೇಕ್ ಮಾಡಲಿಲ್ಲ. ನನ್ನ ಪಕ್ಕದ ಸೀಟು ಅವಳು ತಳ್ಳಿದ ಹಾಗೇ ಹಿಂದಕ್ಕಿತ್ತು.

ಬಸ್ಸಿಳಿದವಳು ನಡೆದೇ ಬಂದಳು, ಮನೆ ತಲುಪುವಾಗ ಹೊತ್ತು ಮುಳುಗುತ್ತಿತ್ತು. ನಾನು ಬೀಗ ತೆಗೆದು ಪಕ್ಕಕ್ಕೆ ನಿಂತೆ. ಒಳಗೆ ಮಬ್ಬು. ಅವಳು ಸ್ವಿಚ್ಚಿನ ಹತ್ತಿರ ಹೋದಳು.

"ನಾನು ಹಾಕ್ತೀನಿ ಇರು," ಅಂದೆ.

"ಬೇಡ."

ಬಲಗೈಯನ್ನು ಬಟ್ಟೆಗೆ ಒರೆಸಿಕೊಂಡಳು. ಇನ್ನೊಮ್ಮೆ ಒರೆಸಿಕೊಂಡಳು. ನನ್ನ ಕಡೆ ನೋಡಿದಳು, ನಿಜ ಗೊತ್ತಾದ ಮೇಲೂ ಹೀಗೇ ಎಂದು ತನಗೇ ಬೇಜಾರಾದವಳಂತೆ. ಆಮೇಲೆ ಮೂರನೆಯ ಸಲವೂ ಒರೆಸಿಕೊಂಡು ಸ್ವಿಚ್ಚು ಹಾಕಿದಳು.

ಕೈ ಒಣಗಿಯೇ ಇತ್ತು.